ಬೆನ್ನು ಹಾಕಿ ಹೇಳಿದ ಪಾಠ

ಊರ ಬಾಯಿಗೆ ಬೀಗ ಹಾಕುವವರು ಯಾರು? ಕಡಬದಲ್ಲಿ ಉಮಾಮಹೇಶ್ವರಿಯನ್ನು ಎದುರಿಗೆ ಎಲ್ಲರೂ ಉಮಕ್ಕ ಎಂದೇ ಕರೆಯುತ್ತಿದ್ದರು. ಆಕೆ ಅತ್ತ ಹೋದ ಮೇಲೆ, "ಮಗಳನ್ನ ಉಪ್ಪಿನಕಾಯಿ ಹಾಕಿಟ್ಟವ್ಳೆ" ಎನ್ನುತ್ತಿದ್ದರು. ಅವರದೂ ತಪ್ಪಿಲ್ಲ ಬಿಡಿ. ಕಣ್ಣು ಮೂಗು ನೆಟ್ಟಗಿರುವ, ಕೈಕಾಲು ಗಟ್ಟಿಯಾಗಿರುವ ಒಬ್ಬಳೇ ಮಗಳನ್ನು ಒಂದನೇ ಕ್ಲಾಸಿಗೇ ಶಾಲೆ ಬಿಡಿಸಿ, ಮನೆಯಲ್ಲೇ ಕೂರಿಸಿಕೊಂಡು ಪಾಠ ಹೇಳುವ ತಾಯಿಯನ್ನು ಆ ಊರು ಹಿಂದೆ ಕಂಡಿರಲಿಲ್ಲ. ಶಾಲೆಯೇನು ಕಾಶಿಯಲ್ಲಿತ್ತೇ? ಕೂಗಿದರೆ ಕೇಳಿಸುವಷ್ಟು ದೂರ. ಅಲ್ಲಿ ಗಂಟೆ ಹೊಡೆದರೆ ಇವರ ನಡುಮನೆಯಲ್ಲಿ ಕೇಳಿಸುತ್ತಿತ್ತು. ಯಾಕಮ್ಮ ಹೀಗೆ ಎಂದು ಕೇಳಿದವರಿಗೆಲ್ಲ ಮನೆಯವರದು ಒಂದೇ ಉತ್ತರ: "ಮಗೂಗೆ ಉಬ್ಬಸ."

ಉಬ್ಬಸವೂ ಇಲ್ಲ, ಗಿಬ್ಬಸವೂ ಇಲ್ಲ. ತೊಂಬತ್ತಮೂರರ ಆಷಾಢದಲ್ಲಿ, ಮಗಳು ಯಶಸ್ವಿನಿ ಶಾಲೆಗೆ ಸೇರಿ ತಿಂಗಳಾಗಿತ್ತೋ ಇಲ್ಲವೋ, ಒಂದು ಸಂಜೆ ಹಿತ್ತಲಲ್ಲಿ ಆಡುತ್ತಿದ್ದ ಮಗು ನಿಂತ ನಿಲುವಿನಲ್ಲೇ ಬಿತ್ತು. ಕಣ್ಣು ಒಂದು ಕಡೆಗೆ ಎಳೆಯಿತು, ಹಲ್ಲು ಕಚ್ಚಿಕೊಂಡಿತು, ಕೈಕಾಲು ಅದುರತೊಡಗಿದವು. ಉಮಾಮಹೇಶ್ವರಿ ಕಿರುಚಿಕೊಂಡಳು. ಆಕೆಯ ಮಾವ ಅಡವಿಯಪ್ಪ ಒಳಗಿನಿಂದ ಓಡಿ ಬಂದವನು ಮೊದಲು ಮಾಡಿದ ಕೆಲಸ ಮಗುವನ್ನು ಎತ್ತಿದ್ದಲ್ಲ; ಹಿತ್ತಲ ಬಾಗಿಲು ಮುಚ್ಚಿ ಅಗುಳಿ ಹಾಕಿದ್ದು. ಯಾರಾದರೂ ನೋಡಿಬಿಟ್ಟರೆ! ಆಮೇಲೆ ಮಗುವಿನ ಮುಷ್ಟಿಗೆ ಬೀಗದ ಕೈ ತುರುಕಿದ. ಎರಡು ಮೂರು ನಿಮಿಷದಲ್ಲಿ ಅದು ತಾನಾಗಿಯೇ ನಿಂತು, ಮಗು ನಿದ್ದೆ ಹೋಯಿತು.

"ಕಾಯಿಲೆ ಬರ್ತದೆ, ಹೋಯ್ತದೆ. ಹೆಸರು ಬಂದ್ರೆ ಹೋಗಕಿಲ್ಲ ಕಣವ್ವ," ಎಂದ ಅಡವಿಯಪ್ಪ. "ಮೂರ್ಛೆ ರೋಗ ಐತೆ ಅಂತ ಒಂದ್ಸಲ ಊರ ಕಿವಿಗೆ ಬಿದ್ರೆ, ನಾಳೆ ಈ ಮಗೀನ ಯಾರು ತಂದ್ಕತಾರೆ?"

ಆರು ವರ್ಷದ ಮಗುವಿನ ಮದುವೆ ಚಿಂತೆ ನೋಡಿ ಮುದುಕನಿಗೆ! ಆದರೆ ಆ ಮಾತು ಮನೆಯಲ್ಲಿ ಕಲ್ಲಿನಲ್ಲಿ ಕೆತ್ತಿದ ಹಾಗೆ ಉಳಿಯಿತು. ಯಶಸ್ವಿನಿಯ ಅಪ್ಪ ಕಾಂತೇಶ್ ಗುಬ್ಬಿಯಲ್ಲಿ ಕರೆಂಟ್ ಲೈನ್‌ಮನ್. ಕಂಬ ಹತ್ತಲು ಹೆದರದವನು ಅಪ್ಪನ ಮುಂದೆ ಬಾಯಿ ತೆರೆಯಲು ಹೆದರುತ್ತಿದ್ದ. ಮಗುವನ್ನು ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದೇನೋ ಸರಿಯೇ. ಅಲ್ಲಿನ ಡಾಕ್ಟರು ಮಾತ್ರೆ ಬರೆದುಕೊಟ್ಟು ಎರಡು ಮಾತು ಹೇಳಿದರು. ಕೆರೆ, ಬಾವಿ, ಒಲೆಯ ಹತ್ತಿರ ಒಬ್ಬಳನ್ನೇ ಬಿಡಬೇಡಿ ಅನ್ನುವುದು ಒಂದು. ಉಳಿದದ್ದಕ್ಕೆ ಎಲ್ಲ ಮಕ್ಕಳ ಹಾಗೇ ಬೆಳೆಸಿ, ಸ್ಕೂಲಿಗೆ ಹೇಳಿ ಕಳಿಸಿ ಅನ್ನುವುದು ಇನ್ನೊಂದು. ಹೇಳಿದ್ದು ಎರಡು, ಮನೆಯವರ ಕಿವಿಗೆ ಹೋದದ್ದು ಒಂದೇ.

ಉಮಾಮಹೇಶ್ವರಿಗೂ ಒಳಗೊಳಗೇ ಒಂದು ಆಸೆ ಇತ್ತು ಅನ್ನಿ. ಆಕೆಯ ತವರು ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ. ಕುಣಿಗಲ್‌ಗೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಮುಗಿಸಿದವಳು. ಮೇಷ್ಟ್ರಾಗಬೇಕು, ಟಿಸಿಎಚ್ ಮಾಡಬೇಕು ಎಂದು ಹಟ ಹಿಡಿದಿದ್ದಾಗಲೇ ಗಂಡು ಬಂತು, ತಾಳಿಯೂ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ನೋಡಿದರೆ ಮನೆಯಲ್ಲೇ ಒಂದು ಶಾಲೆ, ಒಬ್ಬಳೇ ವಿದ್ಯಾರ್ಥಿನಿ, ತಾನೇ ಟೀಚರು. "ನನ್ನ ಮಗಳಿಗೆ ನಾನೇ ಕಲಿಸ್ತೀನಿ. ಯಾವ ಸ್ಕೂಲಿನ ಮಕ್ಕಳಿಗೂ ಕಡಿಮೆ ಇಲ್ಲದಂಗೆ ಕಲಿಸ್ತೀನಿ," ಎಂದು ಗಂಡನಿಗೆ ಸವಾಲು ಹಾಕಿದವಳ ಹಾಗೆ ಹೇಳಿದಳು.

ಹೇಳಿದಂತೆ ಮಾಡಿದಳು ಕೂಡ. ಬೆಳಿಗ್ಗೆ ರೊಟ್ಟಿ ತಟ್ಟಿ, ಗಂಡನನ್ನು ಡ್ಯೂಟಿಗೆ ಕಳಿಸಿ, ನಡುಮನೆಯಲ್ಲಿ ಚಾಪೆ ಹಾಸಿದರೆ ಶಾಲೆ ಶುರು. ಒಂದು ತುದಿಯಲ್ಲಿ ಮಗಳು, ಅವಳ ಎದುರಿಗೆ ಮೊಣಕಾಲು ತಾಗುವಷ್ಟು ಹತ್ತಿರ ತಾಯಿ. ತಾಯಿಯ ಮಗ್ಗುಲಲ್ಲಿ ತೆಂಗಿನ ಗರಿಯ ರಾಶಿ. ಕೈಯಲ್ಲಿ ಕುಡುಗೋಲು ಹಿಡಿದು ಪೊರಕೆ ಕಡ್ಡಿ ಹೆರೆಯುತ್ತಲೇ ಮಗ್ಗಿ ಹೇಳಿಸುವಳು, ಪದ್ಯ ಒಪ್ಪಿಸಿಕೊಳ್ಳುವಳು, ಲೆಕ್ಕ ಕೊಡುವಳು. ಕೈ ತಾನಾಗಿಯೇ ಕೆಲಸ ಮಾಡುತ್ತಿತ್ತು. ಕಣ್ಣು ಮಾತ್ರ ಮಗಳ ಮುಖ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಮೂರ್ಛೆ ಬರುವ ಮುಂಚೆ ಮಗಳ ಕಣ್ಣು ಎಡಗಡೆಗೆ ಒಂದಿಷ್ಟು ಜಾರುತ್ತದೆ ಎಂಬುದನ್ನು ಅವಳು ಕಂಡುಕೊಂಡಿದ್ದಳು. ಅಷ್ಟು ಕಂಡರೆ ಸಾಕು, ಕುಡುಗೋಲು ಬಿಸುಟು, ಮಗಳನ್ನು ಹಿಡಿದು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಸೆರಗು ಮಡಿಸಿ ಇಟ್ಟುಬಿಡುವಳು. ಒಂದು ಸಲವೂ ಮಗು ಬಿದ್ದು ಪೆಟ್ಟು ಮಾಡಿಕೊಳ್ಳಲಿಲ್ಲ. ಮಾತ್ರೆ ಹಿಡಿದ ಮೇಲೆ ಬರುವುದೂ ಅಪರೂಪವಾಯಿತು. ಆದರೆ ಯಾವಾಗ ಎಂದು ಯಾರು ಬಲ್ಲರು? ಹೀಗೆ ಒಂಬತ್ತು ವರ್ಷ ಎವೆಯಿಕ್ಕದೆ ನೋಡಿದಳು ಮಹರಾಯ್ತಿ. ಮದುವೆಗೆ ಹೋಗಲಿಲ್ಲ, ತವರಿಗೆ ಹೋದರೂ ಸಂಜೆಗೆ ವಾಪಸು. ಸ್ವಂತ ತಮ್ಮನಿಗೂ ಆಕೆ ಹೇಳಿದ್ದು ಉಬ್ಬಸ ಎಂದೇ.

ಯಶಸ್ವಿನಿ ಮಾತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಏಳನೇ ಕ್ಲಾಸಿನ ಪುಸ್ತಕ ಮುಗಿಯಿತು, ಎಂಟು, ಒಂಬತ್ತೂ ಮುಗಿಯಿತು. ಹದಿನೈದು ತುಂಬಿದವರು ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಬಹುದು ಎಂದು ತಿಳಿದ ದಿನ ಉಮಾಮಹೇಶ್ವರಿಯ ಕಾಲು ನೆಲದ ಮೇಲಿರಲಿಲ್ಲ. ಉಪ್ಪಿನಕಾಯಿ ಅಂದವರ ಬಾಯಿಗೆ ಆ ಮಾರ್ಕ್ಸ್ ಕಾರ್ಡು ತುರುಕಬೇಕು ಎಂದುಕೊಂಡಳು. ಪಾಪ.

ಎರಡು ಸಾವಿರದ ಎರಡರ ದಸರಾ ರಜದಲ್ಲಿ ಆಕೆಯ ತಮ್ಮ ರವೀಶ್ ಬಂದ. ಕುಣಿಗಲ್‌ನಲ್ಲಿ ಹೈಸ್ಕೂಲ್ ಮೇಷ್ಟ್ರು. ಮಕ್ಕಳನ್ನು ಕಂಡರೆ ಪ್ರಶ್ನೆ ಕೇಳದೆ ಬಾಯಿ ಸುಮ್ಮನಿರದು.

"ಎಲ್ಲಿ ಯಶು, ಮೊದಲನೇ ಪಾಣಿಪತ್ ಕದನ ಯಾವ ಇಸವಿ?"

"ಸಾವಿರದ ಐನೂರಾ... ಇಪ್ಪತ್ತ... ಆರು, ಮಾಮ."

"ಭೇಷ್. ತ್ರಿಕೋನದ ಮೂರು ಕೋನ ಕೂಡಿಸಿದ್ರೆ?"

"ನೂರಾ... ಎಂಬತ್ತು ಡಿಗ್ರಿ."

ಉಮಾಮಹೇಶ್ವರಿ ಎಂದಿನ ಜಾಗದಲ್ಲಿ ಕಡ್ಡಿ ಹೆರೆಯುತ್ತಾ ಕೂತಿದ್ದಳು. ಹೆಮ್ಮೆಗೆ ಮುಖ ಊದಿತ್ತು. "ಕೇಳ್ತಿರು ಕಣೋ, ಕಾಫಿ ಇಟ್ಕೊಂಡು ಬರ್ತೀನಿ," ಎಂದು ಎದ್ದು ಅಡುಗೆಮನೆಗೆ ಹೋದಳು.

"ನೀರು ಎಷ್ಟು ಡಿಗ್ರೀಲಿ ಕುದಿಯುತ್ತೆ?"

"ನೂ..." ಎಂದ ಯಶಸ್ವಿನಿ ಅಮ್ಮ ಕೂತಿದ್ದ ಜಾಗ ನೋಡಿದಳು. ಅಲ್ಲಿ ಗರಿಯ ರಾಶಿ ಮಾತ್ರ ಇತ್ತು. "ನೂ... ಮಾಮ, ಅಮ್ಮ ಬರ್ಲಿ."

ರವೀಶ್ ನಕ್ಕ. ಇನ್ನೂ ಸುಲಭದ್ದು ಕೇಳಿದ. ಹುಡುಗಿಯ ತುಟಿ ಒಣಗಿತು. ಒಂಬತ್ತು ಏಳಲಿ ಎಷ್ಟು ಎಂದ. ಅದಕ್ಕೂ ಬಾಯಿಲ್ಲ. ಹದಿನೈದು ವರ್ಷದ ಹುಡುಗಿ ಲಂಗದ ಅಂಚು ಹಿಂಡುತ್ತಾ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಉಮಾಮಹೇಶ್ವರಿ ಲೋಟ ಹಿಡಿದು ಬಂದಳು. ರವೀಶ್ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. "ನೂರು ಡಿಗ್ರಿ," ಎಂದಳು ಹುಡುಗಿ, ಅಮ್ಮನ ಮುಖ ನೋಡುತ್ತಾ, ಪಟ್ಟಂತ.

ರವೀಶ್ ಕಾಫಿ ಮುಟ್ಟಲಿಲ್ಲ. ಹುಡುಗಿಯನ್ನು ಹಿತ್ತಲಿಗೆ ಕಳಿಸಿ ಹೇಳಿದ:

"ಅಕ್ಕ, ಬೇಜಾರ್ ಮಾಡ್ಕೋಬೇಡ. ಇವ್ಳು ಓದಿರೋದು ಪುಸ್ತಕ ಅಲ್ಲ, ನಿನ್ನ ಮುಖ. ತಪ್ಪು ಹೇಳೋಕೆ ಹೊರಟ್ರೆ ನಿನ್ನ ಹುಬ್ಬು ಗಂಟಾಗುತ್ತೆ, ಸರಿಯಾದ್ರೆ ಸಡಿಲ ಆಗುತ್ತೆ. ಅದನ್ನ ನೋಡ್ಕೊಂಡು ಮಾತು ಎಳೀತಾಳೆ. ಬರೆಯೋವಾಗ್ಲೂ ಎದುರಿಗೇ ಕೂತಿರ್ತೀಯ ತಾನೆ?"

"ಏನೋ ರವಿ, ಸರ್ಕಾರಿ ಸಂಬಳ ತಗೊಳ್ಳೋನು ನೀನೊಬ್ನೇ ಮೇಷ್ಟ್ರಾ?" ಉಮಾಮಹೇಶ್ವರಿ ಉರಿದುಬಿದ್ದಳು. "ಕಾಫಿ ಕುಡಿದು ಬಸ್ಸು ಹತ್ತೋನಿಗೆ ಏನೋ ಗೊತ್ತು ನಾನು ಪಟ್ಟಿರೋ ಪಾಡು?"

ಬೈದಳು ಸರಿ, ಮನಸ್ಸು ಸುಮ್ಮನಿರಬೇಕಲ್ಲ. ರವೀಶ್ ಅಡವಿಯಪ್ಪನ ಜೊತೆ ಕೆರೆ ಕಡೆ ಹೋಗಿದ್ದಾಗ ಬಾಗಿಲ ಮರೆಯಲ್ಲಿ ನಿಂತು, "ಯಶು, ಒಂಬತ್ತು ಏಳಲಿ?" ಎಂದು ಕೂಗಿದಳು. ಒಳಗಿಂದ ಸದ್ದಿಲ್ಲ. "ಯಶು, ಭೂಮಿ ಸೂರ್ಯನ್ನ ಸುತ್ತೋಕೆ ಎಷ್ಟು ದಿನ?" ಸದ್ದಿಲ್ಲ. ಬಾಗಿಲ ಸಂದಿಯಿಂದ ಇಣುಕಿದರೆ ಹುಡುಗಿ ಗೋಡೆ, ಸೂರು, ಬಾಗಿಲು ಎಲ್ಲಾ ಕಡೆ ಅಮ್ಮನ ಮುಖ ಹುಡುಕುತ್ತಾ ಕೂತಿದ್ದಳು. ಉಮಾಮಹೇಶ್ವರಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಒಂಬತ್ತು ವರ್ಷ ಗೇದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಅವಳು ಬಾಗಿಲ ಮರೆಯಲ್ಲೇ ಕುಕ್ಕರಿಸಿ ಬಾಯಿಗೆ ಸೆರಗು ತುಂಬಿಕೊಂಡು ಅತ್ತಳು.

ಮಗಳನ್ನು ಮಾವನ ಕಣ್ಣಳತೆಯಲ್ಲಿ ಬಿಟ್ಟು ಬಸ್ಸು ಹತ್ತಿಸಲು ಬಂದ ಅಕ್ಕನಿಗೆ ಬಸ್ ಸ್ಟ್ಯಾಂಡಿನಲ್ಲಿ ರವೀಶ್ ಮದ್ದು ಹೇಳಿದ. "ಪರೀಕ್ಷೆಗೆ ಇನ್ನೂ ಟೈಮಿದೆ. ಬೆನ್ನು ಹಾಕಿ ಕೂತ್ಕೊಂಡು ಪಾಠ ಹೇಳಕ್ಕ. ನಿನ್ನ ಮುಖ ಅವ್ಳಿಗೆ ಕಾಣಿಸ್ಬಾರ್ದು, ಅಷ್ಟೆ."

"ಆಗಲ್ಲ ಕಣೋ."

"ಅದ್ರಲ್ಲೇನಕ್ಕ ಆಗದೇ ಇರೋದು?"

"ಅವಳಿಗೆ ನನ್ನ ಮುಖ ಕಾಣದಿದ್ರೆ, ನಂಗೂ ಅವಳ ಮುಖ ಕಾಣಲ್ಲ," ಎಂದವಳು ಬಸ್ಸಿಗೆ ಕಾದಿದ್ದ ಜನರ ಮಧ್ಯೆ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು.

"ನಂಗೂ ಉಬ್ಬಸ ಅಂದ್ಯಲ್ಲಕ್ಕ," ಎಂದ ರವೀಶ್. ಅವನ ಕಣ್ಣು ತುಂಬಿತ್ತು. "ಮುಂಚೇನೇ ಹೇಳಿದ್ರೆ ನಮ್ಮ ಸ್ಕೂಲಲ್ಲೇ ಕೂರಿಸ್ಕೋತಿದ್ನಲ್ಲಕ್ಕ. ಈಗ್ಲೂ ಯೋಚ್ನೆ ಮಾಡು. ಎಷ್ಟು ವರ್ಷ ನೋಡ್ತಾ ಕೂತಿರ್ತೀಯ?"

ಮಾರನೇ ದಿನ ಉಮಾಮಹೇಶ್ವರಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ, ಮಗಳಿಗೆ ಬೆನ್ನು ಹಾಕಿ ಕೂತಳು. ಎದುರಿಗೆ ಸುಣ್ಣದ ಗೋಡೆ, ಕೈಯಲ್ಲಿ ಗರಿ. ಪ್ರಶ್ನೆ ಕೇಳಿದಳು. ಹಿಂದೆ ಮೌನ. ಉತ್ತರ ಗೊತ್ತಿಲ್ಲದ ಮೌನವೋ? ಕಣ್ಣು ಎಡಕ್ಕೆ ಜಾರಿದ ಮೌನವೋ? ಅಯ್ಯೋ ಎಂದು ತಿರುಗಿದಳು. ಮಗಳು ಪೆನ್ನು ಕಚ್ಚುತ್ತಾ ಕೂತಿದ್ದಳು, ಅಮ್ಮನ ಮುಖ ಕಂಡೊಡನೆ ಉತ್ತರ ಹೇಳಿದಳು. ಮತ್ತೆ ತಿರುಗಿ ಕೂರುವುದು, ಮತ್ತೆ ನೋಡುವುದು. ಒಂದು ವಾರ ಪಾಠವೇ ನಡೆಯಲಿಲ್ಲ, ಬರೀ ತಿರುಗಾಟ.

ಆಮೇಲೆ ಒಂದು ಉಪಾಯ ಹುಡುಕಿದಳು. ಮಗಳ ಎರಡೂ ಕೈಗೆ ಗಾಜಿನ ಬಳೆ ತುಂಬ ತೊಡಿಸಿದಳು. ಬರೆಯುವಾಗ ಬಳೆ ಸದ್ದು ಮಾಡುತ್ತಿದ್ದರೆ ಮಗಳು ಸರಿಯಾಗಿದ್ದಾಳೆ ಅಂತ ಲೆಕ್ಕ. ಸದ್ದು ನಿಂತರೆ ಉಸಿರು ಬಿಗಿಹಿಡಿಯುವಳು. ಮತ್ತೆ ಕಿಣಿಕಿಣಿ ಅಂದರೆ ಉಸಿರು ಬಿಡುವಳು. ಅಷ್ಟರ ಮಟ್ಟಿಗೆ ಪಾಠ ಸಾಗಿತು. ಮಗಳು ಮೊದಮೊದಲು ತಪ್ಪುತಪ್ಪಾಗಿ, ತಡವರಿಸಿ, ಆಮೇಲಾಮೇಲೆ ಒಂದೊಂದು ಉತ್ತರವನ್ನು ತಾನೇ ಹೇಳತೊಡಗಿದಳು. ಮಧ್ಯದಲ್ಲಿ ಎಲ್ಲೋ ಒಂದು ಸಲ ತಾಯಿ ತಡೆಯಲಾರದೆ ತಿರುಗಿದ್ದಕ್ಕೆ, "ತಿರುಗ್ಬೇಡಮ್ಮ! ಎಲ್ಲಾ ಹೊರಟೋಯ್ತು!" ಎಂದು ಪುಸ್ತಕ ಎಸೆದಳು. ಹಾಗೆ ರೇಗಿದ್ದು ಅವಳ ಜನ್ಮದಲ್ಲೇ ಮೊದಲು. ಉಮಾಮಹೇಶ್ವರಿಗೆ ಅವಮಾನವೂ ಆಯಿತು, ಯಾಕೋ ಸಮಾಧಾನವೂ ಆಯಿತು. ಒಂದು ದಿನ ನೋಡಿದರೆ ಮಗಳು ಬಳೆಯೆಲ್ಲ ಬಿಚ್ಚಿ ಗೂಡಿನಲ್ಲಿಟ್ಟಿದ್ದಳು.

"ಯಾಕೇ?"

"ಪರೀಕ್ಷೆ ರೂಮಲ್ಲಿ ನೀನು ಬಳೆ ಸದ್ದು ಕೇಳಿಸ್ಕೊಳ್ಳಕ್ಕಾಗುತ್ತಾ?"

ಇನ್ನು ಪಾಠ ಮುಗಿಯುವ ತನಕ ತಿರುಗುವುದಿಲ್ಲ ಎಂದು ತಾಯಿ ಮಗಳ ತಲೆ ಮುಟ್ಟಿ ಮಾತು ಕೊಟ್ಟಳು.

ಆ ಮಾತೇ ಕುತ್ತಿಗೆಗೆ ಬಂತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, "ಸಿಲಿಂಡರಿನ ಘನಫಲ ಕಂಡುಹಿಡಿಯೋ ಸೂತ್ರ ಹೇಳು," ಎಂದು ಕೇಳಿ ಕಡ್ಡಿ ಹೆರೆಯುತ್ತಾ ಕೂತಳು. ಹಿಂದೆ ಮೌನ. ಯೋಚಿಸುತ್ತಿದ್ದಾಳೆ, ಯೋಚಿಸಲಿ. ಇನ್ನೂ ಮೌನ. ತಿರುಗಬಾರದು, ಮಾತು ಕೊಟ್ಟಿದ್ದೇನೆ. ಕುಡುಗೋಲು ತಪ್ಪಿ ಬೆರಳಿಗೆ ತಾಗಿತು. ಆಗ ದಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಹುಡುಗಿ ಮಗುಚಿ ಬಿದ್ದು ಅದುರುತ್ತಿದ್ದಳು. ಹಣೆ ಹೊಸ್ತಿಲಿಗೆ ಬಡಿದು ರಕ್ತ ಕಣ್ಣಿಗೆ ಇಳಿಯುತ್ತಿತ್ತು.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆ ಮನೆ ಮಸಣದ ಹಾಗಿತ್ತು. ಅಡವಿಯಪ್ಪ ಜಗಲಿಯಿಂದಲೇ ಶುರು ಮಾಡಿದ:

"ಬೆನ್ನು ಹಾಕ್ಕಂಡು ಪಾಠ ಹೇಳಾದು ಯಾವ ಸೀಮೆ ಇಸ್ಕೂಲವ್ವಾ? ಇರಾದೊಂದು ಕೂಸು. ಅದುನ್ನೂ ಸಾಯಿಸ್ಬುಡು, ನಿನ್ ಓದಿನ ಚಪಲ ತೀರ್ತದೆ. ಏನ್ಲಾ ಕಾಂತ, ನೀನೇನು ಗಂಡ್ಸೇನ್ಲಾ?"

ಕಾಂತೇಶ್ ತಲೆ ತಗ್ಗಿಸಿಕೊಂಡು ಹೆಂಡತಿಗೆ ಹೇಳಿದ: "ಸಾಕು ಬುಡು ಉಮಾ. ಎಸ್ಸೆಸ್ಸೆಲ್ಸಿ ಇಲ್ದೆ ಹೋದ್ರೆ ಪ್ರಪಂಚ ಮುಳುಗೋಗಲ್ಲ. ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ."

ಉಮಾಮಹೇಶ್ವರಿ ಆಯ್ತು ಎಂದು ತಲೆಯಾಡಿಸಿದಳು. ಇನ್ನೇನು ಅನ್ನುತ್ತಾಳೆ? ರಕ್ತ ಅವಳ ಸೆರಗಿನಲ್ಲಿ ಇನ್ನೂ ಹಸಿಯಾಗಿತ್ತು. ಪುಸ್ತಕಗಳನ್ನು ಎತ್ತಿ ಕಟ್ಟಲು ಹೊರಟಾಗ ಮೂಲೆಯಲ್ಲಿ ಮಲಗಿದ್ದ ಯಶಸ್ವಿನಿ ಮಾತಾಡಿದಳು.

"ನಂಗೆ ಗೊತ್ತಾಗಿತ್ತು."

"ಏನೇ ಗೊತ್ತಾಗಿತ್ತು?"

"ಬರ್ತಾ ಇದೆ ಅಂತ. ಯಾವಾಗ್ಲೂ ಮುಂಚೇನೇ ಗೊತ್ತಾಗುತ್ತೆ. ಹುಣಸೆಬೀಜ ಸುಟ್ಟಂಗೆ ವಾಸನೆ ಬರುತ್ತೆ. ಆಮೇಲೆ ಅದು ಬರುತ್ತೆ."

"ಹಾಳಾದೋಳೆ, ಇಷ್ಟು ವರ್ಷ ಹೇಳೋಕೇನಾಗಿತ್ತು ನಿಂಗೆ!"

"ನಾನ್ಯಾಕೆ ಹೇಳ್ಲಿ? ನಾನು ಬಾಯಿ ತೆಗೆಯೋದ್ರೊಳಗೆ ನೀನೇ ಬಂದು ಮಲಗಿಸ್ತಿದ್ದೆ."

"ಇವತ್ತು? ಇವತ್ತಾದ್ರೂ ಕೂಗಬಾರ್ದಿತ್ತಾ?"

"ನೀನು ತಿರುಗ್ತೀಯ ಅಂತ ಕಾಯ್ತಾ ಕೂತಿದ್ದೆ."

ಉಮಾಮಹೇಶ್ವರಿ ಪುಸ್ತಕದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಗ್ಗಿಯೊಂದೇ ಅಲ್ಲ, ಮಗಳು ತನ್ನ ಮೈಯನ್ನೂ ಅಮ್ಮನ ಮುಖಕ್ಕೆ ಒಪ್ಪಿಸಿ ಕೂತಿದ್ದಳು. ತಾನು ಕಾದದ್ದು ಹೆಚ್ಚಾಗಿಯೇ ಮಗಳಿಗೆ ತನ್ನನ್ನು ತಾನು ಕಾಯುವುದು ಬಂದಿರಲಿಲ್ಲ. ನಾನು ಇರುವ ತನಕ ಸರಿ, ನಾಳೆ ನಾನು ಸತ್ತರೆ? ಈ ಪ್ರಶ್ನೆ ಅವಳಿಗೆ ಹಿಂದೆಯೂ ಬಂದಿತ್ತು. ಅದರ ಉತ್ತರ ಹೊಸ್ತಿಲ ಮೇಲಿನ ರಕ್ತದಲ್ಲಿ ಕಾಣುತ್ತದೆ ಅಂದುಕೊಂಡಿರಲಿಲ್ಲ. ಕಟ್ಟಿದ ಪುಸ್ತಕದ ಗಂಟನ್ನು ಬಿಚ್ಚಿದಳು.

"ಪರೀಕ್ಷೆ ಬರೀತಾಳೆ," ಎಂದಳು ಗಂಡನ ಕಡೆ ನೋಡದೆ. "ಮಾವ, ನೀವು ಬೈದ್ರೂ ಸರಿ, ಹೊಡೆದ್ರೂ ಸರಿ."

ಅಂದಿನಿಂದ ಆ ಮನೆಯಲ್ಲಿ ಇನ್ನೊಂದು ಪಾಠ ಶುರುವಾಯಿತು. ತಾಯಿ ಗೋಡೆ ನೋಡುತ್ತಾ ಲೆಕ್ಕ ಕೊಡುವಳು, ಮಗಳು ಅರ್ಧ ಮಾಡಿರುವಾಗ ಇದ್ದಕ್ಕಿದ್ದಂತೆ, "ವಾಸನೆ!" ಎನ್ನುವಳು. ಮಗಳು ತಕ್ಷಣ ಪೆನ್ನು ದೂರ ಇಡಬೇಕು, ಸುತ್ತ ಇರುವುದನ್ನು ಸರಿಸಬೇಕು, ಯಾರಿಗೂ ಕಾಯದೆ ನೆಲಕ್ಕಿಳಿದು ಎಡಮಗ್ಗುಲಾಗಿ ಮಲಗಬೇಕು. ಎದ್ದ ಮೇಲೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಲೆಕ್ಕ ಮುಂದುವರಿಸಬೇಕು. ಮೊದಮೊದಲು ಯಶಸ್ವಿನಿಗೆ ನಗು ತಡೆಯಲಾಗುತ್ತಿರಲಿಲ್ಲ. ಬೇಕೆಂದೇ ದಡಬಡ ಮಾಡಿ ತಾತನ ಊರುಗೋಲನ್ನೂ ಸರಿಸಿ ಮಲಗುವಳು. ಅಡವಿಯಪ್ಪ, "ಇವ್ರವ್ವಂಗೆ ತಲೆ ಕೆಟ್ಟೈತೆ, ಮಗೀಗೂ ಕೆಡಿಸ್ತಾವ್ಳೆ," ಎಂದು ಗೊಣಗುತ್ತಾ ಜಗಲಿಗೆ ಹೋಗುವನು. ನಗುವವರು ನಗಲಿ, ಗೊಣಗುವವರು ಗೊಣಗಲಿ. ಉಮಾಮಹೇಶ್ವರಿ ಬಿಡಲಿಲ್ಲ.

ಮಾರ್ಚ್ ಬಂತು. ಪರೀಕ್ಷೆ ಗುಬ್ಬಿಯಲ್ಲಿ. ಹೊರಡುವ ಬೆಳಿಗ್ಗೆ ಅಡವಿಯಪ್ಪ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ಸೊಸೆಯನ್ನು ಪಕ್ಕಕ್ಕೆ ಕರೆದು, "ಅಲ್ಲಿ ಯಾರ್ ತಾವ್ಲೂ ಬಾಯಿ ಬುಡ್ಬೇಡ. ಊರೋರೆಲ್ಲ ಬಂದಿರ್ತಾರೆ," ಎಂದ. ಬಸ್ಸಿನಲ್ಲಿ ಉಮಾಮಹೇಶ್ವರಿ ಮಗಳನ್ನು ಕೇಳಿದಳು, "ಒಳಗಿರೋ ಮೇಡಂಗೆ ಒಂದು ಮಾತು ಹೇಳ್ಲೇನೇ?" ಮಗಳು ಕಿಟಕಿಯ ಕಡೆ ನೋಡುತ್ತಾ, "ಬೇಕಿದ್ರೆ ನಾನೇ ಹೇಳ್ತೀನಿ," ಎಂದಳು.

ಕನ್ನಡ, ಇಂಗ್ಲಿಷ್ ಎರಡೂ ಹೇಗೋ ಕಳೆದವು. ಮೂರನೆಯದು ಲೆಕ್ಕದ ಪೇಪರು. ಹಿಂದಿನ ರಾತ್ರಿ ಹುಡುಗಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಿದ್ದೆಗೆಟ್ಟರೆ ಅದು ಬರುವ ಸಂಭವ ಹೆಚ್ಚು ಎಂದು ಹಣೆಗೆ ಹೊಲಿಗೆ ಹಾಕಿದ ಡಾಕ್ಟರು ಹೇಳಿದ್ದರು. ಬೆಲ್ ಹೊಡೆಯಿತು, ಗೇಟು ಮುಚ್ಚಿತು. ಯಶಸ್ವಿನಿಯ ಕೊಠಡಿ ಗೇಟಿಗೆ ಎದುರಾಗಿಯೇ ಇತ್ತು. ಕಿಟಕಿ ತೆರೆದಿದ್ದರೂ ಹೊರಗಿನ ಬಿಸಿಲಿಗೆ ಒಳಗೆ ಬರೀ ಕತ್ತಲು, ಏನೂ ಕಾಣಿಸದು. ಉಮಾಮಹೇಶ್ವರಿ ಗೇಟಿನ ಸರಳು ಹಿಡಿದು ಆ ಕತ್ತಲನ್ನೇ ನೋಡುತ್ತಾ ನಿಂತಳು. ಪಕ್ಕದಲ್ಲಿ ಕಡಬದ ಓಬಳಮ್ಮ. ಅವಳ ಮಗನೂ ಪರೀಕ್ಷೆಗೆ ಕೂತಿದ್ದ.

ಅರ್ಧ ಹೊತ್ತು ಕಳೆದಿರಬಹುದು. ಆ ಕೊಠಡಿಯ ಬಾಗಿಲಿನಿಂದ ಜವಾನನೊಬ್ಬ ಓಡುತ್ತಾ ಬಂದ. ನೀರಿನ ಜಗ್ಗು ಹಿಡಿದು ಮತ್ತೆ ಒಳಗೆ ಓಡಿದ. ಒಳಗೆ ಬೆಂಚು ಎಳೆದ ಸದ್ದು. ತನ್ನ ಕೈ ಗೇಟನ್ನು ಅಲುಗಿಸುತ್ತಿದ್ದುದು ಉಮಾಮಹೇಶ್ವರಿಗೇ ತಿಳಿಯಲಿಲ್ಲ. ಗೇಟು ಕಾಯುವ ಕದರಯ್ಯ ಒಳಗೆ ಹೋಗಿ ವಿಚಾರಿಸಿಕೊಂಡು ಬಂದ.

"ಯಾವ್ದೋ ಹುಡ್ಗಿ ನೆಲದ್ ಮ್ಯಾಲೆ ಮಲೀಕಂಡೈತಂತೆ ಕಣಮ್ಮ. ಹಣೆ ಮ್ಯಾಲೆ ಗಾಯದ ಗುರ್ತೈತೆ. ನಿಮ್ಮ ಮಗ್ಳಾ?"

"ಅಯ್ಯೋ, ಉಬ್ಬಸದ ಹುಡುಗಿ! ಹೋಗಿ ಉಮಕ್ಕ, ಹೋಗಿ!" ಎಂದಳು ಓಬಳಮ್ಮ.

ಕದರಯ್ಯ ಒಳ್ಳೆಯವನು. ಗೇಟಿನ ಚಿಕ್ಕ ಬಾಗಿಲು ತೆಗೆದ. "ಬನ್ನಿ ತಾಯಿ, ದೊ‌ಡ್ಡ ಮೇಷ್ಟ್ರಿಗೆ ನಾನ್ ಹೇಳ್ತೀನಿ. ಕರ್ಕಂಡು ಹೋಗಿ ಮನೆಗೆ."

ಬಾಗಿಲು ತೆರೆದಿತ್ತು. ನಾಲ್ಕು ಹೆಜ್ಜೆ ಓಡಿದರೆ ಮಗಳು ಸಿಗುತ್ತಾಳೆ. ಅವಳ ಕಾಲು ಆಗಲೇ ಒಂದು ಹೆಜ್ಜೆ ಎತ್ತಿತ್ತು. ಹೋದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಮಗಳು ಕಣ್ಣು ಬಿಟ್ಟಾಗ ಎದುರಿಗೆ ಅಮ್ಮನ ಮುಖ. ಆಮೇಲೆ ಪೆನ್ನು ಹಿಡಿಯುವುದು ಎಲ್ಲಿಂದ ಬಂತು? ಇಂದು ಮಾತ್ರವಲ್ಲ, ಜನ್ಮಪೂರ್ತಿ. ಮಲಗಿದಳಂತೆ ಅಂದನಲ್ಲ ಇವನು? ಬಿದ್ದಳು ಅನ್ನಲಿಲ್ಲ. ಮಲಗಿದಳು ಅಂದ. ಎತ್ತಿದ ಕಾಲನ್ನು ಅವಳು ಹಿಂದಕ್ಕೆ ಇಟ್ಟಳು.

"ಉಬ್ಬಸ ಅಲ್ಲ ಕಣೇ ಓಬಳಮ್ಮ," ಎಂದಳು. ದನಿ ಗಟ್ಟಿಯಾಗಿಯೇ ಬಂತು. ಅಲ್ಲಿದ್ದ ತಾಯಿತಂದೆಯರೆಲ್ಲ ತಿರುಗಿ ನೋಡಿದರು. "ನನ್ನ ಮಗಳಿಗೆ ಮೂರ್ಛೆ ಬರುತ್ತೆ. ಚಿಕ್ಕವಳಿದ್ದಾಗಿಂದ ಬರುತ್ತೆ. ಏನು ಮಾಡ್ಬೇಕು ಅಂತ ಅವಳಿಗೆ ಗೊತ್ತು. ಅಣ್ಣ, ಬಾಯಿಗೆ ನೀರು ಹುಯ್ಯೋದು ಬೇಡ, ಅಲುಗಾಡಿಸೋದು ಬೇಡ ಅಂತ ಹೇಳಿ. ತಾನೇ ಏಳ್ತಾಳೆ. ಎದ್ದು ಬರೀತೀನಿ ಅಂದ್ರೆ ಬರೀಲಿ. ಆಗಲ್ಲ ಅಂದ್ರೆ ಮಾತ್ರ ನನ್ನ ಕೂಗಿ."

ಕದರಯ್ಯ ಒಂದು ಗಳಿಗೆ ಅವಳ ಮುಖ ನೋಡಿ ಒಳಗೆ ಹೋದ. ಓಬಳಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಇನ್ನು ಆ ಸುದ್ದಿ ಕಡಬದ ಬಸ್ಸಿಗಿಂತ ಮುಂಚೆ ಕಡಬ ಸೇರುತ್ತದೆ, ಸೇರಲಿ. ಉಮಾಮಹೇಶ್ವರಿಗೆ ಈಗ ಒಂದೇ ಕಷ್ಟ. ಆ ಕಿಟಕಿಯ ಕಡೆ ನೋಡುತ್ತಾ ನಿಂತರೆ ಕಾಲು ತಡೆಯುವುದಿಲ್ಲ, ಓಡಿಬಿಡುತ್ತದೆ. ಅದಕ್ಕೆ ಅವಳು ತಿರುಗಿದಳು. ಗೇಟಿಗೆ ಬೆನ್ನು ಹಾಕಿ, ಎದುರಿನ ಬೇವಿನ ಮರದ ಬೊಡ್ಡೆಯನ್ನು ನಡುಮನೆಯ ಗೋಡೆಯಂತೆ ನೋಡುತ್ತಾ ನಿಂತಳು. ಕೈಗೆ ಗರಿಯಿಲ್ಲ, ಕಡ್ಡಿಯಿಲ್ಲ. ಸೆರಗಿನ ಅಂಚನ್ನೇ ಎಳೆ ಎಳೆಯಾಗಿ ಬಿಚ್ಚಿದಳು. ಬಿಸಿಲು ನೆತ್ತಿಗೇರಿತು. ಒಳಗಿಂದ ಯಾರೂ ಅವಳನ್ನು ಕೂಗಲಿಲ್ಲ. ಕೂಗದಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ತಿಳಿಯದೆ, ನಮ್ಮಪ್ಪ ಶಿವನೇ, ಶಿವನೇ ಎನ್ನುತ್ತಾ ನಿಂತೇ ಇದ್ದಳು.

ಕೊನೆಯ ಬೆಲ್ ಹೊಡೆಯಿತು. ಮಕ್ಕಳು ಬುಳುಬುಳು ಹೊರಗೆ ಬಂದು ಅವರವರ ಅಪ್ಪ ಅಮ್ಮಂದಿರನ್ನು ಸೇರಿಕೊಂಡರು. ಉಮಾಮಹೇಶ್ವರಿ ತಿರುಗಲಿಲ್ಲ. ಯಾರೋ ಭುಜ ಮುಟ್ಟಿದ ಮೇಲೆ ತಿರುಗಿದಳು. ಯಶಸ್ವಿನಿಯ ಮುಖ ಬಾಡಿತ್ತು, ಕಣ್ಣು ಕೆಂಪಗಿತ್ತು. ಎಡಗಡೆಯ ತೋಳಿಗೂ ಲಂಗಕ್ಕೂ ಕೊಠಡಿಯ ಧೂಳು ಮೆತ್ತಿತ್ತು. ಬಲಗಡೆ ಒಂದು ಚೂರೂ ಇರಲಿಲ್ಲ. ತಾಯಿ ಆ ಧೂಳನ್ನೇ ನೋಡಿದಳು. ಕೊಡವಲು ಕೈ ಬರಲಿಲ್ಲ.

"ಕೊನೇ ಲೆಕ್ಕ ಬಿಟ್ಟೆ ಕಣಮ್ಮ. ಟೈಮ್ ಸಾಲಲಿಲ್ಲ."

"ಹೂಂ."

"ಮೇಡಂಗೆ ಬೆಳಿಗ್ಗೇನೇ ಹೇಳಿದ್ದೆ, ಹೆದರ್ಕೋಬೇಡಿ ಅಂತ. ಆದ್ರೂ ಹೆದರ್ಕೊಂಡ್ರು. ಎದ್ದಾಗ ನಂಗೂ ಏನೂ ತೋಚ್ಲಿಲ್ಲ. ಯಾವ ಪೇಪರ್ರು, ಯಾವ ರೂಮು, ಒಂದೂ ಗೊತ್ತಾಗ್ಲಿಲ್ಲ. ನಿಮ್ಮಮ್ಮನ್ನ ಕರೀಲೇನಮ್ಮ ಅಂದ್ರು ಮೇಡಂ. ಕಿಟಕೀಲಿ ನೋಡಿದೆ. ನೀನು ಬೆನ್ನು ಹಾಕ್ಕೊಂಡು ನಿಂತಿದ್ದೆ."

"ಆಮೇಲೆ?"

"ಆಮೇಲೇನು? ಪಾಠ ನಡೀತಾ ಇದೆ ಅನ್ಕೊಂಡೆ. ಬರೆದೆ."